ಎಂಜಿನ್ನಿಗೆ ಮೂರಂಗುಲದ ತೂತು

ಬಂದರು, ಲಾರಿ, ಸರಕು ರೈಲುಗಳ ಹೊಗೆ ಇಳಿಸಲು ಸರ್ಕಾರಗಳು ಕೋಟಿಗಟ್ಟಲೆ ಅನುದಾನ ಕೊಡುತ್ತವೆ. ಆ ಹಣ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಸೋರುತ್ತದೆ? ಲಾಸ್ ಏಂಜಲೀಸ್ ಬಂದರಿನ ಎರಡು ದಶಕಗಳ ಕಥೆ, ಪಣಂಬೂರಿಗೂ ಬೇಕಾದದ್ದು

ಗುಜರಿ ಅಂಗಳಕ್ಕೆ ಆ ಲಾರಿಯನ್ನು ಎಳೆದು ತರುವುದಿಲ್ಲ, ಅದೇ ಓಡಿಕೊಂಡು ಬರುತ್ತದೆ. ಓಡುವ ಸ್ಥಿತಿಯಲ್ಲಿ ಇರಲೇಬೇಕು, ಇಲ್ಲದಿದ್ದರೆ ಸರ್ಕಾರದ ಹಣ ಸಿಗುವುದಿಲ್ಲ. ಚಾಲಕ ಇಳಿದು ಕೀಲಿ ಕೊಡುತ್ತಾನೆ. ಬಾನೆಟ್ ಎತ್ತಿ, ಎರಕದ ಕಬ್ಬಿಣದ ಎಂಜಿನ್ ಬ್ಲಾಕಿಗೆ ಮೂರಂಗುಲ ಅಗಲದ ತೂತು ಕೊರೆಯುತ್ತಾರೆ. ಆಮೇಲೆ ಗ್ಯಾಸ್ ಕಟರ್ ಹಿಡಿದವನು ಬಂದು ಚಾಸಿಯ ಎರಡೂ ಉದ್ದದ ತೊಲೆಗಳನ್ನು ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಕತ್ತರಿಸುತ್ತಾನೆ. ಪಕ್ಕದಲ್ಲಿ ನಿಂತವನೊಬ್ಬ ಎಂಜಿನ್ ನಂಬರು ಕಾಣುವಂತೆ, ತೂತು ಕಾಣುವಂತೆ, ತುಂಡಾದ ಚಾಸಿ ಕಾಣುವಂತೆ ಫೋಟೊ ತೆಗೆದುಕೊಳ್ಳುತ್ತಾನೆ. ಆ ಫೋಟೊಗಳು ಕಡತ ಸೇರಿದ ಮೇಲೆಯೇ ಹೊಸ ಲಾರಿಯ ಅನುದಾನ ಪೂರ್ತಿಯಾಗುತ್ತದೆ.

ಅಮೆರಿಕದ ಡೀಸೆಲ್ ಅನುದಾನ ಯೋಜನೆಗಳಲ್ಲಿ ಹದಿನೈದಿಪ್ಪತ್ತು ವರ್ಷಗಳಿಂದ ನಡೆಯುತ್ತಿರುವ ಕ್ರಮ ಇದು. ಮೊದಲ ಸಲ ಕೇಳಿದವರಿಗೆ ಹೊಟ್ಟೆ ಉರಿಯುತ್ತದೆ. ಇನ್ನೂ ಹತ್ತು ವರ್ಷ ಓಡಬಹುದಾದ ಗಾಡಿಯನ್ನು, ಅದೂ ತೆರಿಗೆದಾರರ ಹಣದಲ್ಲಿ, ಹೀಗೆ ಯಾಕೆ ಹಾಳು ಮಾಡಬೇಕು? ಯಾರಾದರೂ ಬಡವನಿಗೆ ಅರ್ಧ ಬೆಲೆಗೆ ಮಾರಬಾರದೆ?

ಮಾರಿದರೆ ಹೊಗೆಯೂ ಅದರ ಜೊತೆಗೇ ಹೋಗುತ್ತದೆ. ಹಳೆಯ ಲಾರಿ ಇನ್ನೊಂದು ಊರಿನಲ್ಲಿ, ಇನ್ನೊಬ್ಬನ ಹೆಸರಿನಲ್ಲಿ ಓಡುತ್ತಲೇ ಇರುತ್ತದೆ. ಸರ್ಕಾರ ಕೊಟ್ಟ ಹಣದಿಂದ ರಸ್ತೆಗೆ ಒಂದು ಹೊಸ ಲಾರಿ ಹೆಚ್ಚುವರಿಯಾಗಿ ಸೇರಿದಂತಾಗುತ್ತದೆ, ಅಷ್ಟೆ. ಆದ್ದರಿಂದ ಈ ಅನುದಾನವನ್ನು ಹೊಸದನ್ನು ಕೊಳ್ಳುವ ಹಣ ಎಂದು ನೋಡುವುದಕ್ಕಿಂತ ಹಳೆಯದನ್ನು ಮುಗಿಸುವ ಹಣ ಎಂದು ನೋಡಿದರೆ ಎಲ್ಲವೂ ಸ್ಪಷ್ಟವಾಗುತ್ತದೆ. ಇದೇ ಷರತ್ತು ಈಗ ನಮ್ಮ ದೇಶದ ವಿದ್ಯುತ್ ಲಾರಿ ಯೋಜನೆಯೊಳಕ್ಕೂ ಬಂದಿದೆ. ಹಾಗಾಗಿ, ಅದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದ ಊರಿನ ಅನುಭವ ನಮಗೆ ಬೇಕು.

ಒಂದು ಪೆಟ್ಟಿಗೆಗೆ ನಾಲ್ಕು ಹೊಗೆ ಕೊಳವೆ

ಕ್ಯಾಲಿಫೋರ್ನಿಯಾದ ಸ್ಯಾನ್ ಪೆಡ್ರೊ ಕೊಲ್ಲಿಯಲ್ಲಿ ಅಕ್ಕಪಕ್ಕದಲ್ಲೇ ಎರಡು ಬಂದರುಗಳಿವೆ, ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್. ಇಪ್ಪತ್ತಡಿ ಪೆಟ್ಟಿಗೆಯ ಲೆಕ್ಕದಲ್ಲಿ 2024ರಲ್ಲಿ ಮೊದಲನೆಯದು ಸುಮಾರು 1.03 ಕೋಟಿ ಕಂಟೈನರ್ ಸಾಗಿಸಿತು, ಎರಡನೆಯದು ಸುಮಾರು 96 ಲಕ್ಷ. ಏಷ್ಯಾದಿಂದ ಅಮೆರಿಕಕ್ಕೆ ಹೋಗುವ ಬಟ್ಟೆ, ಟಿ.ವಿ., ಆಟಿಕೆ, ಪೀಠೋಪಕರಣಗಳಿಗೆ ಇದೇ ಹೆಬ್ಬಾಗಿಲು.

ಬಂದರು ಎಂದಕೂಡಲೇ ನಮ್ಮ ಕಣ್ಣಿಗೆ ಬರುವುದು ಹಡಗು. ಆದರೆ ಒಂದು ಕಂಟೈನರ್‌ ಬೆನ್ನು ಹತ್ತಿ ಹೋದರೆ ನಾಲ್ಕು ಬಗೆಯ ಡೀಸೆಲ್ ಹೊಗೆ ಸಿಗುತ್ತದೆ. ಹಡಗು ದಕ್ಕೆಗೆ ಕಟ್ಟಿ ನಿಂತ ಮೇಲೂ ಅದರ ಹೊಟ್ಟೆಯಲ್ಲಿ ಜನರೇಟರ್ ಆರುವುದಿಲ್ಲ. ದೀಪ, ಪಂಪು, ಅಡುಗೆಮನೆ, ಹಣ್ಣು–ಮಾಂಸ ತುಂಬಿದ ಶೀತಲ ಕಂಟೈನರ್‌ಗಳಿಗೆ ಕರೆಂಟು ಬೇಕಲ್ಲ. ಇಳಿದ ಪೆಟ್ಟಿಗೆಯನ್ನು ಅಂಗಳದಲ್ಲಿ ಎತ್ತಿಡುವ, ಎಳೆದಾಡುವ ಯಂತ್ರಗಳದ್ದು ಎರಡನೆಯ ಹೊಗೆ. ಗೇಟಿನಿಂದ ಗೋದಾಮಿಗೋ ರೈಲು ಯಾರ್ಡಿಗೋ ಒಯ್ಯುವ ಲಾರಿಯದ್ದು ಮೂರನೆಯದು. ಯಾರ್ಡಿನಲ್ಲಿ ವ್ಯಾಗನ್‌ಗಳನ್ನು ಹಿಂದೆ ಮುಂದೆ ಜೋಡಿಸುವ ಷಂಟಿಂಗ್ ಎಂಜಿನ್ನಿನದು ನಾಲ್ಕನೆಯದು.

ಇಲ್ಲೊಂದು ಸೂಕ್ಷ್ಮವಿದೆ. ಬಂದರಿನ ಕೆಲಸ ಮುಪ್ಪಿನ ಯಂತ್ರಗಳ ಕೊನೆಯ ನೆಲೆ. ಹೊಸದಾಗಿದ್ದಾಗ ದೇಶದ ಉದ್ದಗಲ ಓಡಿದ ಲಾರಿಯನ್ನು, ದೂರದ ಪ್ರಯಾಣದ ನಡುವೆ ಕೈಕೊಡಲು ಶುರುವಾದ ಮೇಲೆ, ಬಂದರಿನ ಸಣ್ಣ ಓಡಾಟಕ್ಕೆ ಹಾಕುತ್ತಾರೆ. ನಲವತ್ತು ಕಿಲೊಮೀಟರ್‌ ಒಳಗೆ ಕೆಟ್ಟು ನಿಂತರೂ ಮೆಕ್ಯಾನಿಕ್ ಸಿಗುತ್ತಾನೆ. ರೈಲಿನಲ್ಲೂ ಹೀಗೆಯೇ. ಮುಖ್ಯ ಮಾರ್ಗದಲ್ಲಿ ಎರಡು ಮೂರು ದಶಕ ದುಡಿದ ಎಂಜಿನ್ ಕಡೆಗೆ ಷಂಟಿಂಗ್‌ಗೆ ಬರುತ್ತದೆ. ದಿನದ ಬಹುಪಾಲು ನಿಂತಲ್ಲೇ ಗುರುಗುಡುತ್ತ ಹೊಗೆ ಬಿಡುತ್ತದೆ. ಹೀಗೆ ದೇಶದ ಅತಿ ಹಳೆಯ ಡೀಸೆಲ್ ಎಂಜಿನ್‌ಗಳೆಲ್ಲ ಕೆಲವೇ ಚದರ ಕಿಲೊಮೀಟರ್‌ನಲ್ಲಿ, ಅದೂ ಜನವಸತಿಯ ಪಕ್ಕದಲ್ಲಿ, ಬಂದು ಸೇರುತ್ತವೆ.

ಬೇಲಿಯಾಚೆಯ ಮನೆಗಳು

ಆ ಬಂದರುಗಳ ಬೇಲಿಗೆ ತಾಗಿಕೊಂಡಂತೆ ವಿಲ್ಮಿಂಗ್ಟನ್, ಸ್ಯಾನ್ ಪೆಡ್ರೊ, ಪಶ್ಚಿಮ ಲಾಂಗ್ ಬೀಚ್ ಎಂಬ ಬಡಾವಣೆಗಳಿವೆ. ವಿಲ್ಮಿಂಗ್ಟನ್‌ನಲ್ಲಿ ಇರುವವರು ಹೆಚ್ಚಾಗಿ ಮೆಕ್ಸಿಕೊ ಮೂಲದ ದುಡಿಯುವ ಕುಟುಂಬಗಳು. ಕಿಟಕಿಯ ಅಂಚಿನಲ್ಲಿ ಕೂರುವ ಕಪ್ಪು ಮಸಿ, ಶಾಲೆಯ ಮಕ್ಕಳ ಚೀಲದಲ್ಲಿ ಇರುವ ಆಸ್ತಮಾ ಪಂಪು ಇಲ್ಲಿನ ದಿನಚರಿಯೇ ಆಗಿಹೋಗಿತ್ತು. ಬಂದರಿನಿಂದ ಒಳನಾಡಿನ ಗೋದಾಮುಗಳವರೆಗಿನ ಹೆದ್ದಾರಿಯ ಆಸುಪಾಸನ್ನು ಅಲ್ಲಿನ ಹೋರಾಟಗಾರರು ‘ಡೀಸೆಲ್ ಸಾವಿನ ವಲಯ’ ಎಂದೇ ಕರೆದರು.

1998ರಲ್ಲಿ ಕ್ಯಾಲಿಫೋರ್ನಿಯಾದ ವಾಯು ಮಂಡಳಿ ಡೀಸೆಲ್ ಮಸಿಯನ್ನು ವಿಷಕಾರಿ ಮಾಲಿನ್ಯ ಎಂದು ಘೋಷಿಸಿತು. ಅದರ ಬೆನ್ನಲ್ಲೇ ನಡೆದ ಪ್ರಾದೇಶಿಕ ಅಧ್ಯಯನ, ಲಾಸ್ ಏಂಜಲೀಸ್ ಸುತ್ತಲ ಗಾಳಿಯಿಂದ ಬರುವ ಕ್ಯಾನ್ಸರ್ ಅಪಾಯದಲ್ಲಿ ಸುಮಾರು ಶೇ 70ರಷ್ಟು ಡೀಸೆಲ್ ಕಣಗಳದ್ದೇ ಎಂದು ಹೇಳಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಡೀಸೆಲ್ ಹೊಗೆಯನ್ನು ಖಚಿತ ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿದ್ದು 2012ರಲ್ಲಿ. ಬೇಲಿಯ ಪಕ್ಕದ ಜನ ಅಷ್ಟು ಹೊತ್ತಿಗೆ ಹತ್ತಾರು ವರ್ಷ ಅದನ್ನು ಉಸಿರಾಡಿದ್ದರು.

ತಿರುವು ಬಂದದ್ದು ಕೋರ್ಟಿನಿಂದ. ಪರಿಸರ ಪರಿಣಾಮದ ಸರಿಯಾದ ಪರಿಶೀಲನೆ ಇಲ್ಲದೆ ಚೀನಾದ ಹಡಗು ಕಂಪನಿಯೊಂದಕ್ಕೆ ಹೊಸ ಟರ್ಮಿನಲ್ ಕಟ್ಟಿಕೊಡಲು ಲಾಸ್ ಏಂಜಲೀಸ್ ಬಂದರು ಹೊರಟಾಗ, 2001ರಲ್ಲಿ ಸ್ಥಳೀಯ ಮನೆ ಮಾಲೀಕರ ಸಂಘಗಳು ಪರಿಸರ ಸಂಸ್ಥೆಯೊಂದರ ಜೊತೆ ಸೇರಿ ಮೊಕದ್ದಮೆ ಹೂಡಿದವು. ಕಾಮಗಾರಿ ನಿಂತಿತು. 2003ರಲ್ಲಿ ರಾಜಿಯಾಯಿತು. ಆ ರಾಜಿಯ ಫಲವಾಗಿ 2004ರಲ್ಲಿ ಅಲ್ಲಿ ಕಂಟೈನರ್ ಹಡಗುಗಳು ಜನರೇಟರ್ ಆರಿಸಿ, ದಕ್ಕೆಯಿಂದಲೇ ಕೇಬಲ್ ಎಳೆದು ಕರೆಂಟು ಪಡೆಯುವ ವ್ಯವಸ್ಥೆ ಶುರುವಾಯಿತು. ದಡದ ವಿದ್ಯುತ್ತಿನಲ್ಲಿ ಕಂಟೈನರ್ ಹಡಗು ನಿಲ್ಲಿಸಿದ ಮೊದಲ ಟರ್ಮಿನಲ್ ಎಂದು ಅದಕ್ಕೆ ಹೆಸರಾಯಿತು. ಎರಡೂ ಬಂದರುಗಳು ಕೂಡಿ ‘ಶುದ್ಧ ಗಾಳಿ ಕ್ರಿಯಾ ಯೋಜನೆ’ಯನ್ನು ಒಪ್ಪಿಕೊಂಡದ್ದು 2006ರ ನವೆಂಬರ್‌ನಲ್ಲಿ. ಮನೆ ಮಾಲೀಕರು ಕೋರ್ಟಿಗೆ ಹೋಗದೇ ಇದ್ದಿದ್ದರೆ ಮುಂದಿನ ಯಾವ ಅನುದಾನಕ್ಕೂ ಇಷ್ಟು ಬಲ ಬರುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಹಣ ಬರುವ ದಾರಿ

ಬಂದರಿನ ಹೊಗೆ ಇಳಿಸುವ ಹಣ ಒಂದೇ ಕೊಳಾಯಿಯಿಂದ ಬರುವುದಿಲ್ಲ. ರಾಜ್ಯದ ಹಳೆಯ ಯೋಜನೆ 1998ರಲ್ಲಿ ಕಾರ್ಲ್ ಮೋಯರ್ ಎಂಬುವರ ಹೆಸರಿನಲ್ಲಿ ಆರಂಭವಾದದ್ದು. 2006ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಸುಮಾರು 2,000 ಕೋಟಿ ಡಾಲರ್‌ನ ಸಾರಿಗೆ ಸಾಲಪತ್ರಗಳಿಗೆ ಒಪ್ಪಿಗೆ ಕೊಟ್ಟರು. ಅದರಲ್ಲಿ 100 ಕೋಟಿ ಡಾಲರ್ ಸರಕು ಸಾಗಣೆಯ ಹೊಗೆ ತಗ್ಗಿಸಲೆಂದೇ ಮೀಸಲು. ಕೇಂದ್ರ ಸರ್ಕಾರದ ಡೀಸೆಲ್ ಮಾಲಿನ್ಯ ತಗ್ಗಿಸುವ ಕಾಯ್ದೆ 2005ರದ್ದು. ಇವುಗಳ ಜೊತೆಗೆ ಬಂದರುಗಳೇ ಒಂದೊಂದು ಕಂಟೈನರ್ ಮೇಲೆ ಶುಲ್ಕ ಹಾಕಿ ಕೂಡಿಸುವ ನಿಧಿ ಇದೆ. 2022ರ ಏಪ್ರಿಲ್‌ನಿಂದ ಲಾರಿಯಲ್ಲಿ ಗೇಟು ದಾಟುವ ಪ್ರತಿ ಇಪ್ಪತ್ತಡಿ ಲೆಕ್ಕದ ಪೆಟ್ಟಿಗೆಗೆ 10 ಡಾಲರ್.

ಹೆಸರು ಬೇರೆ ಬೇರೆ ಇದ್ದರೂ ಒಳಗಿನ ನಿಯಮಗಳು ಹೆಚ್ಚು ಕಡಿಮೆ ಒಂದೇ. ಅರ್ಜಿ ಹಾಕಿದವನು ಒಂದು ಟನ್ ಮಾಲಿನ್ಯ ತಪ್ಪಿಸಲು ಎಷ್ಟು ಡಾಲರ್ ಬೀಳುತ್ತದೆ ಎಂದು ಲೆಕ್ಕ ಕೊಡಬೇಕು. ಕಡಿಮೆ ಹಣದಲ್ಲಿ ಹೆಚ್ಚು ಹೊಗೆ ಇಳಿಸುವವನಿಗೆ ಮೊದಲ ಮಣೆ. ವರ್ಷಕ್ಕೆ ನೂರು ಗಂಟೆ ಓಡುವ ಯಂತ್ರಕ್ಕಿಂತ ಮೂರು ಪಾಳಿಯಲ್ಲೂ ಗುರುಗುಡುವ ಷಂಟಿಂಗ್ ಎಂಜಿನ್ ಈ ಲೆಕ್ಕದಲ್ಲಿ ಸುಲಭವಾಗಿ ಗೆಲ್ಲುತ್ತದೆ. ಹಣದ ಒಂದು ಪಾಲನ್ನು ಅರ್ಜಿದಾರನೇ ಹಾಕಬೇಕು. ಎಷ್ಟೋ ಯೋಜನೆಗಳಲ್ಲಿ ಮೊದಲು ಕೈಯಿಂದ ಖರ್ಚು ಮಾಡಿ, ಬಿಲ್ಲು ಸಲ್ಲಿಸಿ, ಆಮೇಲೆ ವಾಪಸ್ ಪಡೆಯಬೇಕು. ದೊಡ್ಡ ಕಂಪನಿಗೆ ಇದು ಕಷ್ಟವಲ್ಲ. ಒಂದೇ ಲಾರಿ ಇಟ್ಟುಕೊಂಡವನಿಗೆ ಇಲ್ಲೇ ಬಾಗಿಲು ಮುಚ್ಚಿದಂತೆ.

ಇನ್ನೊಂದು ನಿಯಮ ಮೇಲ್ನೋಟಕ್ಕೆ ವಿಚಿತ್ರ, ಆದರೆ ಬಹಳ ಮುಖ್ಯ. ಕಾನೂನು ಹೇಗೂ ಮಾಡಿಸಲಿರುವ ಕೆಲಸಕ್ಕೆ ಅನುದಾನ ಇಲ್ಲ. ಮುಂದಿನ ಜನವರಿಯಿಂದ ಈ ಎಂಜಿನ್ ನಿಷೇಧ ಎಂದು ಆದೇಶವಾಗಿದ್ದರೆ, ಅದನ್ನು ಆ ದಿನ ಬದಲಿಸಲು ಹಣ ಕೇಳುವಂತಿಲ್ಲ. ಬಹಳ ಮೊದಲೇ ಬದಲಿಸುವವನಿಗೆ ಮಾತ್ರ ಸಿಗುತ್ತದೆ. ಅಂದರೆ ಅನುದಾನ ಮುಂದಿನಿಂದ ಕೈ ಹಿಡಿದು ಎಳೆಯುತ್ತದೆ, ಕಾನೂನು ಹಿಂದಿನಿಂದ ದೂಡುತ್ತದೆ. ಎರಡೂ ಇದ್ದಾಗ ಮಾತ್ರ ಗಾಡಿ ಮುಂದಕ್ಕೆ ಹೋಗುತ್ತದೆ.

ಲಾಸ್ ಏಂಜಲೀಸ್‌ನಲ್ಲಿ ಕೆಲ ವರ್ಷ ಹೀಗೇ ನಡೆಯಿತು. 2008ರ ಅಕ್ಟೋಬರ್ 1ರಂದು 1989ಕ್ಕಿಂತ ಹಳೆಯ ಲಾರಿಗಳಿಗೆ ಬಂದರಿನ ಗೇಟು ಮುಚ್ಚಿತು. 2010ರಲ್ಲಿ ಇನ್ನೊಂದು ಹಂತ. 2012ರ ಜನವರಿಯಿಂದ 2007ರ ಹೊಗೆ ಮಾನದಂಡ ಮುಟ್ಟದ ಯಾವ ಲಾರಿಗೂ ಪ್ರವೇಶವಿಲ್ಲ. ಇದರ ಜೊತೆಜೊತೆಗೆ ಲಾರಿ ಬದಲಿಸುವವರಿಗೆ ಹಣ, ಹಡಗುಗಳಿಗೆ ದಡದ ಕರೆಂಟು, ಬಂದರಿನೊಳಗಿನ ರೈಲಿಗೆ ಹೊಸ ಎಂಜಿನ್. 2005ಕ್ಕೆ ಹೋಲಿಸಿದರೆ ಬಂದರಿನ ಡೀಸೆಲ್ ಮಸಿ ಇವತ್ತು ಶೇ 90ರ ಆಸುಪಾಸು ಇಳಿದಿದೆ, ಅದೂ ಸರಕು ಏರಿದ ಕಾಲದಲ್ಲಿ. ವಿಲ್ಮಿಂಗ್ಟನ್‌ನ ಗಾಳಿ ಪೂರ್ತಿ ಶುದ್ಧವಾಗಿಲ್ಲ, ಪಕ್ಕದಲ್ಲಿ ತೈಲ ಶುದ್ಧೀಕರಣ ಘಟಕಗಳೂ ಇವೆ. ಆದರೂ ಇಷ್ಟು ದೊಡ್ಡ ಇಳಿಕೆ ಸಾರ್ವಜನಿಕ ಹಣದಿಂದ ಸಾಧ್ಯವಾದ ಉದಾಹರಣೆಗಳು ಜಗತ್ತಿನಲ್ಲಿ ಹೆಚ್ಚಿಲ್ಲ.

ನೆಲದೊಳಗೆ ಇಳಿದ ರೈಲು

ಒಂದು ಲಾರಿಯ ಎಂಜಿನ್ ಎಷ್ಟೇ ಚೊಕ್ಕ ಮಾಡಿದರೂ ಅದು ರೈಲಿಗೆ ಸಮನಾಗುವುದಿಲ್ಲ. ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಉರುಳುವಾಗ ಆಗುವ ಘರ್ಷಣೆ ಅತಿ ಕಡಿಮೆ. ರಬ್ಬರ್ ಟೈರು ಪ್ರತಿ ಸುತ್ತಿಗೂ ಚಪ್ಪಟೆಯಾಗಿ ಮತ್ತೆ ಉಬ್ಬುತ್ತ ಶಕ್ತಿ ನುಂಗುತ್ತದೆ. ಹೀಗಾಗಿ ಒಂದೇ ಭಾರವನ್ನು ಒಂದೇ ದೂರ ಒಯ್ಯಲು ರೈಲಿಗೆ ಬೇಕಾಗುವ ಡೀಸೆಲ್ ಲಾರಿಯದರ ಮೂರನೇ ಒಂದು ಅಥವಾ ನಾಲ್ಕನೇ ಒಂದು ಪಾಲು.

ಬಂದರಿನಿಂದ ನಗರದ ರೈಲು ಯಾರ್ಡುಗಳವರೆಗೆ ಮೊದಲು ನಾಲ್ಕು ಕವಲು ಹಳಿಗಳಿದ್ದವು. ನಿಧಾನಗತಿಯ ರೈಲುಗಳು ಇನ್ನೂರಕ್ಕೂ ಹೆಚ್ಚು ಲೆವೆಲ್ ಕ್ರಾಸಿಂಗ್ ದಾಟಬೇಕಿತ್ತು. ಮೈಲುದ್ದದ ರೈಲು ಆಮೆಯಂತೆ ಹೋಗುವವರೆಗೆ ಎರಡೂ ಬದಿ ನೂರಾರು ವಾಹನ ಹೊಗೆ ಬಿಡುತ್ತ ನಿಲ್ಲಬೇಕು. ಆಂಬುಲೆನ್ಸೂ ಅವುಗಳ ನಡುವೆಯೇ.

2002ರ ಏಪ್ರಿಲ್‌ನಲ್ಲಿ ಆ ನಾಲ್ಕೂ ಮಾರ್ಗಗಳ ಬದಲಿಗೆ ಅಲಮೇಡಾ ಕಾರಿಡಾರ್ ತೆರೆಯಿತು. 32 ಕಿಲೊಮೀಟರ್ ಉದ್ದ. ಅದರಲ್ಲಿ 16 ಕಿಲೊಮೀಟರ್ ಹತ್ತು ಮೀಟರ್ ಆಳದ ಕಾಂಕ್ರೀಟ್ ಕಂದಕದೊಳಗೆ. ರಸ್ತೆಗಳು ಮೇಲೆ ಸೇತುವೆಯಲ್ಲಿ, ರೈಲು ಕೆಳಗೆ ತನ್ನ ಪಾಡಿಗೆ. ಖರ್ಚು ಸುಮಾರು 240 ಕೋಟಿ ಡಾಲರ್.

ಆ ಹಣ ಕೂಡಿಸಿದ ಬಗೆ ಕೂಡ ಗಮನಿಸಬೇಕಾದದ್ದು. ಕೇಂದ್ರ ಸರ್ಕಾರದ 40 ಕೋಟಿ ಡಾಲರ್ ಬಂದದ್ದು ಸಾಲದ ರೂಪದಲ್ಲಿ. ಬಂದರುಗಳು ತಮ್ಮ ಪಾಲು ಹಾಕಿದವು, 100 ಕೋಟಿಗೂ ಮಿಕ್ಕಿ ಸಾಲಪತ್ರದಿಂದ ಬಂತು. ಕಾರಿಡಾರ್ ಬಳಸುವ ರೈಲು ಕಂಪನಿಗಳು ಪ್ರತಿ ಕಂಟೈನರ್‌ಗೆ ಶುಲ್ಕ ಕಟ್ಟಿ ಆ ಸಾಲ ತೀರಿಸಬೇಕು. ಸರ್ಕಾರದ ಹೆಸರು ಜೊತೆಗಿದ್ದದ್ದರಿಂದ ಉಳಿದ ಸಾಲ ಹುಟ್ಟಿತು. ಎಲ್ಲವನ್ನೂ ದಾನವಾಗಿ ಕೊಡಬೇಕಿಲ್ಲ; ಎಲ್ಲಿ ಆದಾಯ ಹುಟ್ಟುತ್ತದೋ ಅಲ್ಲಿ ಸಾಲ, ಎಲ್ಲಿ ಲಾಭ ಬರೀ ಊರಿನ ಶ್ವಾಸಕೋಶಕ್ಕೋ ಅಲ್ಲಿ ಅನುದಾನ.

ಈಗ ಲಾಂಗ್ ಬೀಚ್‌ನಲ್ಲಿ ‘ಪಿಯರ್ ಬಿ’ ಎಂಬ ಇನ್ನೊಂದು ದೊಡ್ಡ ರೈಲು ಕಾಮಗಾರಿ ನಡೆಯುತ್ತಿದೆ. ಹಡಗಿನಿಂದ ಇಳಿದ ಪೆಟ್ಟಿಗೆ ಲಾರಿಯ ಮುಖವನ್ನೇ ನೋಡದೆ ದಕ್ಕೆಯಲ್ಲೇ ರೈಲು ಹತ್ತಬೇಕು ಎಂಬುದು ಉದ್ದೇಶ. 2023ರ ಅಂದಾಜಿನಂತೆ ವೆಚ್ಚ 157 ಕೋಟಿ ಡಾಲರ್. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಇಲಾಖೆ ಅದಕ್ಕೆ 28.3 ಕೋಟಿ ಡಾಲರ್ ಅನುದಾನ ಘೋಷಿಸಿತು. ಮುಗಿಯುವ ಗುರಿ 2032. ಒಂದು ಉದ್ದನೆಯ ರೈಲು ರಸ್ತೆಯಿಂದ 750 ಲಾರಿ ಓಡಾಟಗಳನ್ನು ತಪ್ಪಿಸಬಲ್ಲದು ಎಂದು ಬಂದರಿನ ಲೆಕ್ಕ.

ರೈಲಿಗೂ ಒಂದು ಮಿತಿ ಇದೆ. ಚಿಕಾಗೊಗೆ ಹೋಗುವ ಪೆಟ್ಟಿಗೆಗೆ ರೈಲು ಲಾಭ. ನೂರು ಕಿಲೊಮೀಟರ್‌ ಒಳಗಿನ ಗೋದಾಮಿಗೆ ಹೋಗುವುದಕ್ಕೆ, ಹತ್ತಿಸಿ ಇಳಿಸುವ ಖರ್ಚೇ ಪ್ರಯಾಣದ ಖರ್ಚಿಗಿಂತ ಹೆಚ್ಚಾಗುತ್ತದೆ. ಹಾಗಾಗಿ ಎಷ್ಟೇ ಹಳಿ ಹಾಕಿದರೂ ಬಂದರಿನ ಗೇಟಿನಲ್ಲಿ ಲಾರಿಗಳ ಸಾಲು ಇದ್ದೇ ಇರುತ್ತದೆ. ಕಥೆಯ ನೋವಿನ ಭಾಗ ಆ ಸಾಲಿನಲ್ಲಿದೆ.

ಸಾಲ ಯಾರ ಹೆಸರಿನಲ್ಲಿ?

2008ರಲ್ಲಿ ಹಳೆಯ ಲಾರಿಗಳಿಗೆ ಗೇಟು ಮುಚ್ಚಿದಾಗ ಬಂದರಿನ ಸೇವೆಯಲ್ಲಿದ್ದದ್ದು ಸುಮಾರು ಹದಿನಾರು ಸಾವಿರ ಲಾರಿ. ಬಹುಪಾಲು ಲಾರಿಗಳ ಚಾಲಕನೇ ಅದರ ಮಾಲೀಕ. ಮಧ್ಯ ಅಮೆರಿಕ, ಮೆಕ್ಸಿಕೊಗಳಿಂದ ಬಂದು, ಕಡಿಮೆ ಬೆಲೆಗೆ ಹಳೆಯ ಗಾಡಿ ಕೊಂಡು, ಸಾಗಣೆ ಕಂಪನಿಗಳಿಗೆ ಟ್ರಿಪ್ಪಿನ ಲೆಕ್ಕದಲ್ಲಿ ದುಡಿಯುತ್ತಿದ್ದವರು. ಗೇಟಿನಲ್ಲಿ ನಾಲ್ಕು ಗಂಟೆ ಕಾದರೂ ಕಾಸಿಲ್ಲ. ಪೆಟ್ಟಿಗೆ ತಲುಪಿಸಿದರೆ ಮಾತ್ರ.

ಹೊಸ ಲಾರಿಯ ಬೆಲೆ ಲಕ್ಷ ಡಾಲರ್‌ಗೂ ಮೇಲೆ. ಅನುದಾನ ಸಿಕ್ಕರೂ ಉಳಿದದ್ದಕ್ಕೆ ಸಾಲ ಬೇಕು, ಅವರಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಲಾಸ್ ಏಂಜಲೀಸ್ ಬಂದರಿಗೆ ಈ ತೊಂದರೆ ಮೊದಲೇ ಗೊತ್ತಿತ್ತು. ಅದಕ್ಕೇ, ಚಾಲಕರನ್ನು ಕಂಪನಿಗಳು ಸಂಬಳದ ನೌಕರರಾಗಿ ತೆಗೆದುಕೊಳ್ಳಬೇಕು, ಲಾರಿಯ ಖರ್ಚು ಕಂಪನಿಯೇ ಹೊರಬೇಕು ಎಂದು ಷರತ್ತು ಹಾಕಿತು. ಲಾರಿ ಮಾಲೀಕ ಕಂಪನಿಗಳ ರಾಷ್ಟ್ರೀಯ ಒಕ್ಕೂಟ ಕೋರ್ಟಿಗೆ ಹೋಯಿತು. 2011ರಲ್ಲಿ ಮೇಲ್ಮನವಿ ನ್ಯಾಯಾಲಯ ನೌಕರಿಯ ಷರತ್ತನ್ನು ರದ್ದು ಮಾಡಿತು. 2013ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಕೆಲವು ಷರತ್ತುಗಳನ್ನು ಒಮ್ಮತದಿಂದ ತೆಗೆದುಹಾಕಿತು.

ಹೊಗೆಯ ನಿಯಮ ಉಳಿಯಿತು, ಚಾಲಕನ ರಕ್ಷಣೆ ಹೋಯಿತು. ಎಷ್ಟೋ ಕಂಪನಿಗಳು ಹೊಸ ಲಾರಿ ಕೊಂಡು, ಅದನ್ನು ಚಾಲಕನಿಗೆ ಕಂತಿನ ಮೇಲೆ ‘ಗುತ್ತಿಗೆ’ ಕೊಟ್ಟವು. ವಾರದ ದುಡಿಮೆಯಲ್ಲಿ ಕಂತು, ವಿಮೆ, ಡೀಸೆಲ್, ರಿಪೇರಿ ಎಲ್ಲ ಮುರಿದುಕೊಂಡು ಉಳಿದದ್ದು ಸಂಬಳ. ಕಾಯಿಲೆ ಬಿದ್ದು ಕೆಲಸ ತಪ್ಪಿಸಿದರೆ ಲಾರಿಯೂ ಹೋಯಿತು, ಅದುವರೆಗೆ ಕಟ್ಟಿದ ಕಂತೂ ಹೋಯಿತು. 2017ರಲ್ಲಿ ಯುಎಸ್‌ಎ ಟುಡೇ ಪತ್ರಿಕೆ ಈ ಕುರಿತು ದೀರ್ಘ ತನಿಖಾ ವರದಿ ಪ್ರಕಟಿಸಿತು. ದಿನಕ್ಕೆ ಇಪ್ಪತ್ತು ಗಂಟೆವರೆಗೆ ದುಡಿದು, ವಾರದ ಕೊನೆಗೆ ಕೈಗೆ ಏನೂ ಸಿಗದ, ಕಂಪನಿಗೇ ಬಾಕಿ ಉಳಿಸಿಕೊಂಡ ಚಾಲಕರ ಕಥೆಗಳು ಅದರಲ್ಲಿದ್ದವು.

ವಿಲ್ಮಿಂಗ್ಟನ್‌ನ ಮಗುವಿಗೆ ಸಿಕ್ಕ ಗಾಳಿಯ ಬೆಲೆಯ ಒಂದು ಪಾಲನ್ನು ಈ ಚಾಲಕರು ತಮ್ಮ ನಿದ್ದೆಯಿಂದ ಕಟ್ಟಿದರು. ಅವರಲ್ಲಿ ಎಷ್ಟೋ ಮಂದಿ ಅದೇ ವಿಲ್ಮಿಂಗ್ಟನ್‌ನಂಥ ಬಡಾವಣೆಗಳವರು. ಅನುದಾನದ ಯಶಸ್ಸಿನ ಲೆಕ್ಕದಲ್ಲಿ ಟನ್‌ಗಟ್ಟಲೆ ಮಸಿ ಇಳಿದದ್ದು ಬರುತ್ತದೆ. ಈ ಕಂತುಗಳು ಬರುವುದಿಲ್ಲ. ಇದನ್ನು ಬರೆಯುವಾಗ ನನ್ನನ್ನು ಹೆಚ್ಚು ಕಾಡಿದ್ದು ಇದೇ.

ಬ್ಯಾಟರಿಯ ಸರದಿ

ಹೊಗೆ ಕಡಿಮೆ ಮಾಡುವುದರಿಂದ ಹೊಗೆಯೇ ಇಲ್ಲದ ಯಂತ್ರದತ್ತ ಗುರಿ ಬದಲಾದದ್ದು ಇತ್ತೀಚೆಗೆ. 2022ರ ಆಗಸ್ಟ್‌ನಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಬಂದರುಗಳಿಗೆಂದೇ 300 ಕೋಟಿ ಡಾಲರ್ ತೆಗೆದಿಟ್ಟಿತು. 2024ರ ಅಕ್ಟೋಬರ್‌ನಲ್ಲಿ 27 ರಾಜ್ಯಗಳ 55 ಅರ್ಜಿದಾರರನ್ನು ಆಯ್ಕೆ ಮಾಡಿತು. ಲಾಸ್ ಏಂಜಲೀಸ್ ಪಾಲಿಗೆ ಬಂದದ್ದು ಸುಮಾರು 41 ಕೋಟಿ ಡಾಲರ್. ಅಂಗಳದ ನಾನೂರಕ್ಕೂ ಹೆಚ್ಚು ವಿದ್ಯುತ್ ಯಂತ್ರಗಳು, 250 ವಿದ್ಯುತ್ ಲಾರಿಗಳು, ಚಾರ್ಜಿಂಗ್ ವ್ಯವಸ್ಥೆ ಅದರ ಪಟ್ಟಿಯಲ್ಲಿವೆ.

ಆ ಯೋಜನೆಯ ಒಂದು ಷರತ್ತು ನನಗೆ ಬಹಳ ಹಿಡಿಸಿತು. ಅನುದಾನದಲ್ಲಿ ಕೊಳ್ಳುವ ಯಂತ್ರವನ್ನು ಮನುಷ್ಯರೇ ನಡೆಸಬೇಕು, ಮನುಷ್ಯರೇ ದುರಸ್ತಿ ಮಾಡಬೇಕು. ಹೊಗೆ ತೆಗೆಯುವ ನೆಪದಲ್ಲಿ ಚಾಲಕನನ್ನೂ ತೆಗೆದು ಸ್ವಯಂಚಾಲಿತ ಯಂತ್ರ ತಂದು ನಿಲ್ಲಿಸುವಂತಿಲ್ಲ. 2008ರ ಪಾಠದ ಅರ್ಧವಾದರೂ ಕಾಗದಕ್ಕೆ ಇಳಿದಿದೆ.

ಆದರೆ ಹಿಂದಿನಿಂದ ದೂಡುವ ಕೈ ಈಗ ಸಡಿಲವಾಗಿದೆ. 2024ರಿಂದ ಬಂದರಿನ ಸೇವೆಗೆ ಹೊಸದಾಗಿ ನೋಂದಾಯಿಸುವ ಲಾರಿ ಹೊಗೆರಹಿತವೇ ಆಗಿರಬೇಕು, 2035ಕ್ಕೆ ಎಲ್ಲವೂ ಹಾಗಾಗಬೇಕು ಎಂದು ಕ್ಯಾಲಿಫೋರ್ನಿಯಾ ನಿಯಮ ಮಾಡಿತ್ತು. ಅದಕ್ಕೆ ಕೇಂದ್ರದ ಒಪ್ಪಿಗೆ ಬೇಕು. ವಾಷಿಂಗ್ಟನ್‌ನಲ್ಲಿ ಸರ್ಕಾರ ಬದಲಾಗುವ ಹೊತ್ತಿಗೆ, 2025ರ ಜನವರಿಯಲ್ಲಿ, ರಾಜ್ಯವೇ ತನ್ನ ಕೋರಿಕೆ ವಾಪಸ್ ಪಡೆಯಿತು. ಹಳೆಯ ರೈಲು ಎಂಜಿನ್‌ಗಳ ಕುರಿತ ನಿಯಮಕ್ಕೂ ಅದೇ ಗತಿ. ಅದೇ ವರ್ಷ ಜುಲೈನ ಹೊಸ ಕಾಯ್ದೆ, ಬಂದರು ನಿಧಿಯಲ್ಲಿ ಒಪ್ಪಂದವಾಗದೆ ಉಳಿದಿದ್ದ ಹಣವನ್ನು ಖಜಾನೆಗೆ ವಾಪಸ್ ಎಳೆದುಕೊಂಡಿತು. ಕಾನೂನಿನ ಬೆನ್ನಿಲ್ಲದೆ ಬರೀ ಅನುದಾನದ ಬಲದ ಮೇಲೆ ಡೀಸೆಲ್ ಲಾರಿಯ ಎರಡು ಮೂರು ಪಟ್ಟು ಬೆಲೆಯ ವಿದ್ಯುತ್ ಲಾರಿ ಎಷ್ಟು ದೂರ ಹೋದೀತು? ಕೊಟ್ಟಷ್ಟು ಹಣಕ್ಕೆ ಅಷ್ಟೇ ಲಾರಿ ಬರುತ್ತವೆ, ಅಲ್ಲಿಗೆ ನಿಲ್ಲುತ್ತವೆ ಎಂಬುದು ನನ್ನ ಆತಂಕ.

ಪಣಂಬೂರಿನ ಕಡೆಯಿಂದ

ನಮ್ಮ ಕರಾವಳಿಯಲ್ಲಿ ಈ ಚಿತ್ರ ಅಪರಿಚಿತವೇನಲ್ಲ. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದ ನವಮಂಗಳೂರು ಬಂದರಿನ ಗೇಟಿನ ಹೊರಗೆ, ಪಣಂಬೂರು–ಬೈಕಂಪಾಡಿಯ ಹೆದ್ದಾರಿ ಬದಿಯಲ್ಲಿ ನಿಲ್ಲುವ ಲಾರಿಗಳ ಸಾಲನ್ನು ಕಾಣದವರಿಲ್ಲ. ಘಟ್ಟದ ಮೇಲಿನಿಂದ ಕಾಫಿಯ ಕಂಟೈನರ್ ಇಳಿಯುತ್ತದೆ, ಕೆಳಗಿನಿಂದ ಕಲ್ಲಿದ್ದಲು, ಅನಿಲದ ಟ್ಯಾಂಕರ್ ಏರುತ್ತದೆ. ಶಿರಾಡಿಯಲ್ಲಿ ಮೊದಲನೇ ಗೇರಿನಲ್ಲಿ ಏದುಸಿರು ಬಿಡುತ್ತ ಹತ್ತುವ ಲಾರಿಯ ಹಿಂದೆ ಸಿಕ್ಕಿಕೊಂಡವರಿಗೆ ಡೀಸೆಲ್ ಮಸಿ ಎಂದರೇನು ಎಂದು ವಿವರಿಸಬೇಕಿಲ್ಲ.

ರೈಲಿನ ಪಾಠವನ್ನು ನಾವು ಸ್ವಲ್ಪ ಮೊದಲೇ ಕಲಿತಿದ್ದೆವು. ಸರಕು ತುಂಬಿದ ಲಾರಿಯನ್ನು ಚಾಲಕನ ಸಮೇತ ಚಪ್ಪಟೆ ವ್ಯಾಗನ್ ಮೇಲೆ ಹತ್ತಿಸುವ ಕೊಂಕಣ ರೈಲ್ವೆಯ ರೋ–ರೋ ಸೇವೆ 1999ರಲ್ಲಿ ಶುರುವಾಯಿತು. ಮುಂದೆ ಅದು ಸುರತ್ಕಲ್‌ವರೆಗೆ ಬಂತು. ಸುರತ್ಕಲ್‌ನಲ್ಲಿ ಹತ್ತಿದ ಲಾರಿ ಮಹಾರಾಷ್ಟ್ರದ ಕೋಲಾಡ್‌ನಲ್ಲಿ ಇಳಿದು ಮುಂದಕ್ಕೆ ಓಡುತ್ತದೆ. ಆ ರೈಲ್ವೆಯನ್ನು ಕಟ್ಟುವಾಗ ಕರ್ನಾಟಕವೂ ಶೇ 15ರ ಪಾಲು ಹಾಕಿತ್ತು. 741 ಕಿಲೊಮೀಟರ್‌ನ ಇಡೀ ಮಾರ್ಗ 2022ರಲ್ಲಿ ವಿದ್ಯುದೀಕರಣಗೊಂಡಿತು. ಆದರೆ ಬೆಂಗಳೂರು, ಹಾಸನದ ಕಡೆಯ ಸರಕು ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಘಟ್ಟ ದಾಟಬೇಕು. ಪ್ರತಿ 50 ಮೀಟರ್‌ಗೆ ಒಂದು ಮೀಟರ್ ಏರು, 57 ಸುರಂಗ, ಹಿಂದಿನಿಂದ ನೂಕಲು ಹೆಚ್ಚುವರಿ ಎಂಜಿನ್, ಮಳೆಗಾಲದಲ್ಲಿ ಕುಸಿಯುವ ಗುಡ್ಡ. ಒಂದೇ ಹಳಿಯ ಈ ಮಾರ್ಗ ಇಕ್ಕಟ್ಟಾಗಿರುವಷ್ಟು ದಿನ ಪಣಂಬೂರಿನ ಸರಕಿಗೆ ಶಿರಾಡಿಯೇ ಗತಿ. ಸಾರ್ವಜನಿಕ ಹಣಕ್ಕೆ ಇದಕ್ಕಿಂತ ಯೋಗ್ಯ ಜಾಗ ನಮ್ಮ ರಾಜ್ಯದಲ್ಲಿ ನನಗೆ ಕಾಣುವುದಿಲ್ಲ.

ಕೇಂದ್ರ ಸರ್ಕಾರ 2023ರ ಮೇ ತಿಂಗಳಲ್ಲಿ ‘ಹರಿತ್ ಸಾಗರ್’ ಎಂಬ ಹಸಿರು ಬಂದರು ಮಾರ್ಗಸೂಚಿ ಹೊರಡಿಸಿತು. ಒಂದು ಟನ್ ಸರಕಿಗೆ ಬೀಳುವ ಇಂಗಾಲದ ಹೊಗೆಯನ್ನು 2030ರೊಳಗೆ ಶೇ 30, 2047ರೊಳಗೆ ಶೇ 70 ಇಳಿಸಬೇಕೆಂಬುದು ಗುರಿ. 2025ರ ಜುಲೈನಲ್ಲಿ ಭಾರಿ ಕೈಗಾರಿಕಾ ಸಚಿವ ಎಚ್.ಡಿ. ಕುಮಾರಸ್ವಾಮಿ ಅವರು ವಿದ್ಯುತ್ ಲಾರಿಗಳ ಸಹಾಯಧನ ಯೋಜನೆಗೆ ಚಾಲನೆ ಕೊಟ್ಟರು. ದೇಶದ ವಾಹನಗಳಲ್ಲಿ ಡೀಸೆಲ್ ಲಾರಿಗಳ ಪಾಲು ಬರೀ ಶೇ 3, ಸಾರಿಗೆಯ ಹಸಿರುಮನೆ ಅನಿಲದಲ್ಲಿ ಅವುಗಳ ಪಾಲು ಶೇ 42 ಎಂದು ಸರ್ಕಾರವೇ ಅಂದು ಹೇಳಿತು. ಮೀಸಲಿಟ್ಟದ್ದು 500 ಕೋಟಿ ರೂಪಾಯಿ, ಗುರಿ ಸುಮಾರು 5,600 ಲಾರಿ, ಒಂದಕ್ಕೆ ಗರಿಷ್ಠ 9.6 ಲಕ್ಷ ರೂಪಾಯಿ. ಬಂದರು, ಸಿಮೆಂಟ್, ಉಕ್ಕು ಕ್ಷೇತ್ರಗಳನ್ನು ಅದು ಹೆಸರಿಸಿಯೇ ಹೇಳುತ್ತದೆ. ಹಳೆಯ ಡೀಸೆಲ್ ಲಾರಿಯೊಂದನ್ನು ಗುಜರಿಗೆ ಹಾಕಿದ ಪ್ರಮಾಣಪತ್ರ ಕಡ್ಡಾಯ.

ಷರತ್ತು ಸರಿಯಾಗಿದೆ. ಹಣ ಖರೀದಿದಾರನ ಕೈಗೆ ಬಂದು ಹೋಗುವುದಿಲ್ಲ. ತಯಾರಕರು ಬೆಲೆಯಲ್ಲೇ ಕಡಿಮೆ ಮಾಡಿ, ಆಮೇಲೆ ಸರ್ಕಾರದಿಂದ ಪಡೆಯುತ್ತಾರೆ. ಮೊದಲು ಖರ್ಚು ಮಾಡಿ ಕಾಯುವ ಅಮೆರಿಕದ ಕ್ರಮಕ್ಕಿಂತ ಇದು ಚಿಕ್ಕ ಮಾಲೀಕನಿಗೆ ಒಳ್ಳೆಯದು. ಆದರೆ ನಮ್ಮ ಗುಜರಿ ನಿಯಮದಲ್ಲಿ ಆ ಪ್ರಮಾಣಪತ್ರವನ್ನು ಬೇರೆಯವರಿಗೆ ಮಾರಬಹುದು. ಅಂದರೆ ಹತ್ತಾರು ಲಾರಿ ಕೊಳ್ಳುವ ಶಕ್ತಿ ಇರುವ ಕಂಪನಿ, ಒಂಟಿ ಮಾಲೀಕನ ಹಳೆಯ ಲಾರಿಯ ಪ್ರಮಾಣಪತ್ರ ಕೊಂಡು ಸಹಾಯಧನ ಪಡೆಯಬಹುದು. ಹೊಗೆ ಇಳಿಯುತ್ತದೆ, ಒಂಟಿ ಮಾಲೀಕನಿಗೆ ಗುಜರಿ ಬೆಲೆಯೂ ಒಂದಿಷ್ಟು ಕಾಸೂ ಸಿಗುತ್ತದೆ, ಲಾರಿ ಮಾತ್ರ ಇರುವುದಿಲ್ಲ. ನಾಳೆ ಅವನು ಅದೇ ಕಂಪನಿಯ ಲಾರಿಗೆ ಚಾಲಕನಾಗಿ ಹೋದರೆ ಯಾವ ಕರಾರಿನ ಮೇಲೆ ಎಂಬುದನ್ನು ಯೋಜನೆ ಕೇಳುವುದಿಲ್ಲ. ಲಾಸ್ ಏಂಜಲೀಸ್ ಬಂದರು ಕೇಳಲು ಹೋಗಿ ಕೋರ್ಟಿನಲ್ಲಿ ಸೋತ ಪ್ರಶ್ನೆ ಅದು. ನಮ್ಮಲ್ಲಿ ಅದನ್ನು ಕೇಳಲು ಇನ್ನೂ ಹೊತ್ತಾಗಿಲ್ಲ. ಲಾರಿಗಳ ಮಟ್ಟಿಗೆ ಯೋಜನೆಯ ಅವಧಿ 2028ರ ಮಾರ್ಚ್‌ವರೆಗೆ ಇದೆ.

ಒಂದೆರಡು ಲಾರಿ ಇಟ್ಟುಕೊಂಡು ಬದುಕುವವರಿಗೆ ಸಹಾಯಧನದ ಒಂದು ಪಾಲು ಮೀಸಲಿಡಬಹುದು. ಉಳಿದ ಹಣಕ್ಕೆ ಸರ್ಕಾರವೇ ಸಾಲದ ಖಾತರಿ ನಿಲ್ಲಬಹುದು. ಬಂದರಿನ ಗೇಟಿನ ಬಳಿಯೇ ಚಾರ್ಜಿಂಗ್ ಜಾಗ ಮಾಡಿಕೊಟ್ಟರೆ, ಸಾಲಿನಲ್ಲಿ ಕಾಯುವ ಹೊತ್ತೇ ಬ್ಯಾಟರಿ ತುಂಬುವ ಹೊತ್ತಾಗುತ್ತದೆ.

ರಾತ್ರಿ ಹೊತ್ತು ಬೈಕಂಪಾಡಿಯಲ್ಲಿ ಸಾಲಾಗಿ ನಿಂತ ಲಾರಿಗಳ ಪಕ್ಕ ನಡೆದು ಹೋದರೆ, ಕ್ಯಾಬಿನ್ ಬಾಗಿಲ ಮೇಲೆ ಮಾಲೀಕರ ಹೆಸರು ಬರೆದಿರುವುದು ಕಾಣುತ್ತದೆ. ಪ್ರತಿ ಬಾಗಿಲಿಗೂ ಬೇರೆ ಹೆಸರು, ಬೇರೆ ಊರು, ಕೆಳಗೆ ಬಿಳಿ ಬಣ್ಣದಲ್ಲಿ ಫೋನ್ ನಂಬರು. ಅರ್ಜಿ ನಮೂನೆಗಳು ಮೊದಲು ತಲುಪಬೇಕಾದದ್ದು ಆ ನಂಬರುಗಳಿಗೆ.